ಹೊಟ್ಟೆಗೆ ಚೀಲ ಬಂದಿತೆಂದು ಲಿಂಗವನ್ನು ಬಿಚ್ಚಿಡಬೇಕೇ?

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಲಿಂಗಾಯತ ಗೃಹಿಣಿ, ವಯಸ್ಸು 56. ಗುದನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಟ್ಟೆಯ ಮೇಲೆ ಮಾಡಿದ ರಂಧ್ರದಿಂದ ಮಲವು ಚೀಲಕ್ಕೆ ಬೀಳುತ್ತದೆ. ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ. ‘ಇಂಥಾ ಮೈಯಾಗ ಲಿಂಗ ಕಟ್ಕೋಬಾರದು’ ಎಂದು ನೆಗೆಣ್ಣಿ ಅಂದ ದಿನವೇ ಲಿಂಗವಿರುವ ಕರಡಿಗೆಯನ್ನು ಬಿಚ್ಚಿ ದೇವರ ಜಗಲಿಯ ಮೇಲಿಟ್ಟೆ. ಮುಂದಿನ ತಿಂಗಳು ಕೂಡಲಸಂಗಮದಲ್ಲಿ ಮೊಮ್ಮಗನ ಲಿಂಗಧಾರಣೆ. ಕೂಸನ್ನು ನೀನೇ ತೊಡೆಯ ಮೇಲಿಟ್ಟುಕೊಳ್ಳಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ದೇವರು ನನ್ನನ್ನು ಒಪ್ಪುತ್ತಾನೆಯೇ?

ಉತ್ತರ: ಅಕ್ಕಾ, ಒಪ್ಪುತ್ತಾನೆ. ನಿಮ್ಮನ್ನು ಸಮಾಧಾನಪಡಿಸಲು ಆಡಿದ ಮಾತೆಂದು ಇದನ್ನು ತಿಳಿಯಬೇಡಿ. ನಿಮ್ಮ ಧರ್ಮವೇ ಹನ್ನೆರಡನೆಯ ಶತಮಾನದಿಂದ ಹೀಗೆ ಹೇಳುತ್ತ ಬಂದಿದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗೆ ತಟ್ಟುವುದಿಲ್ಲವೆಂದು ಶರಣರು ಸಾರಿದರು. ಇವುಗಳಲ್ಲಿ ಹೆಚ್ಚಿನವು ಮನುಷ್ಯನ ಇಚ್ಛೆಯನ್ನು ಕೇಳದೆ ಬರುವಂಥವು ಎಂಬುದನ್ನು ಗಮನಿಸಿ. ಮುಟ್ಟಾದ ಹೆಣ್ಣು ಲಿಂಗಪೂಜೆ ಮಾಡಬಹುದೆಂದ ಮೇಲೆ, ವೈದ್ಯರು ಜೀವ ಉಳಿಸಲು ಮಾಡಿದ ರಂಧ್ರವೊಂದು ಹೇಗೆ ತಾನೇ ಮೈಲಿಗೆಯಾದೀತು?

ಇನ್ನು ನಿಮ್ಮ ಮೊಮ್ಮಗನ ವಿಚಾರಕ್ಕೇ ಬರೋಣ. ಆ ಕೂಸಿಗೆ ಮಲಮೂತ್ರದ ಮೇಲೆ ಹಿಡಿತವಿಲ್ಲ, ಸ್ನಾನದ ನೇಮವಿಲ್ಲ, ಮಂತ್ರ ತಿಳಿಯದು; ಲಿಂಗ ಕಟ್ಟುವ ಹೊತ್ತಿನಲ್ಲೇ ಅದು ಅಜ್ಜಿಯ ಸೀರೆಯನ್ನು ಒದ್ದೆ ಮಾಡಿದರೂ ಮಾಡೀತು. ಆಗ ಯಾರೂ ಲಿಂಗವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಅರಿವೆ ಬದಲಿಸಿ ಮುಂದುವರಿಯುತ್ತಾರೆ. ಹಾಗೆಯೇ ಹಾಸಿಗೆ ಹಿಡಿದ ಹಿರಿಯರ ಮೈಮೇಲಿನ ಲಿಂಗವನ್ನೂ ಯಾರೂ ಬಿಚ್ಚುವುದಿಲ್ಲ, ಸಮಾಧಿಯಲ್ಲಿ ಸಹ ಅದು ಅವರೊಂದಿಗೇ ಇರುತ್ತದೆ. ದೇಹವನ್ನೇ ದೇಗುಲವೆಂದ ಬಸವಣ್ಣನವರು ಇಂಥ ದೇಹ ಆದೀತು, ಇಂಥದ್ದು ಆಗದು ಎಂದು ವಿಂಗಡಿಸಲಿಲ್ಲ. ತೊಟ್ಟಿಲಲ್ಲಿಯೂ ಕೊನೆಯ ಹಾಸಿಗೆಯಲ್ಲಿಯೂ ಮನುಷ್ಯನನ್ನು ಬಿಡದ ದೇವರು ನಡುವಯಸ್ಸಿನಲ್ಲಿ ನಿಮ್ಮೊಬ್ಬರನ್ನೇ ಬಿಟ್ಟನೆಂದು ನಂಬುವುದು ನನಗಂತೂ ಸಾಧ್ಯವಿಲ್ಲ. ಆದ್ದರಿಂದ ಜಗಲಿಯ ಮೇಲಿನ ಕರಡಿಗೆಯನ್ನು ಇಂದೇ ಧರಿಸಿಕೊಳ್ಳಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ನಿಮ್ಮ ನೆಗೆಣ್ಣಿ ಕೆಡುಕು ಬಯಸಿ ಹಾಗೆ ಅಂದಿರಲಾರರು. ಗುದದ್ವಾರಕ್ಕೆ ಬಿಗಿಹಿಡಿಯುವ ಸ್ನಾಯುಗಳಿರುತ್ತವೆ, ಹೊಟ್ಟೆಯ ರಂಧ್ರಕ್ಕೆ ಅವು ಇಲ್ಲ ಎಂಬುದು ಅವರಿಗೆ ತಿಳಿದಿರಲಿಕ್ಕಿಲ್ಲ. ಇದನ್ನು ನಿಮ್ಮ ಯಜಮಾನರ ಎದುರಿಗೇ ಒಮ್ಮೆ ನಿಧಾನವಾಗಿ ತಿಳಿಸಿ ಹೇಳಿ. ಅಷ್ಟಾದರೂ ಅವರು ಒಪ್ಪದಿದ್ದರೆ ವಾದ ಬೆಳೆಸಬೇಡಿ, ಪೂಜೆಯನ್ನೂ ನಿಲ್ಲಿಸಬೇಡಿ.

ಪೂಜೆಗೆ ಕುಳಿತಾಗ ಕಾಡುವ ಅಳುಕಿಗೆ ಉಪಾಯಗಳುಂಟು. ಸ್ನಾನಕ್ಕೆ ಮುಂಚೆ ಚೀಲವನ್ನು ಬರಿದು ಮಾಡಿಕೊಂಡು, ಮೈ ಒರೆಸಿಕೊಂಡು ಕೂಡಲೇ ಪೂಜೆಗೆ ಕುಳಿತುಕೊಳ್ಳಿ. ಚೀಲ ಅರ್ಧ ತುಂಬುವ ಮೊದಲೇ ಖಾಲಿ ಮಾಡಿದರೆ ಅದು ಭಾರಕ್ಕೆ ಕಿತ್ತು ಬರುವ ಭಯ ಕಡಿಮೆಯಾಗುತ್ತದೆ. ವಾಸನೆ ತಡೆಯುವ ಇದ್ದಿಲಿನ ಫಿಲ್ಟರ್ ಇರುವ ಚೀಲಗಳೂ ಸಿಗುತ್ತವೆ. ರಂಧ್ರದ ಮೂಲಕ ನೀರು ಹಾಯಿಸಿ ಕರುಳನ್ನು ಗೊತ್ತಾದ ಹೊತ್ತಿಗೆ ತೊಳೆದುಕೊಳ್ಳುವ ವಿಧಾನ ಕೆಲವರಿಗೆ ಒಗ್ಗುತ್ತದೆ. ನಿಮಗೆ ಒಗ್ಗುವುದೋ ಎಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳಿ, ನೀವಾಗಿ ಪ್ರಯತ್ನಿಸಬೇಡಿ. ಚೀಲ ತುಂಬಬಾರದೆಂದು ಉಪವಾಸವನ್ನಂತೂ ಮಾಡಲೇಬೇಡಿ, ಬರಿಹೊಟ್ಟೆಯಲ್ಲಿ ವಾಯು ಹೆಚ್ಚುತ್ತದೆ.

ಕೂಡಲಸಂಗಮಕ್ಕೆ ಖಂಡಿತ ಹೋಗಿ. ಹೊರಡುವ ಹಿಂದಿನ ದಿನವೇ ಚೀಲ ಬದಲಿಸಿ, ಅಳತೆಗೆ ಕತ್ತರಿಸಿಟ್ಟ ಇನ್ನೆರಡು ಚೀಲಗಳನ್ನೂ ಒಂದು ಸೀರೆಯನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಿ. ಅಲ್ಲಿಗೆ ತಲುಪಿದ ಕೂಡಲೇ ಶೌಚಾಲಯ ಎಲ್ಲಿದೆಯೆಂದು ಮಗಳು ನೋಡಿಕೊಂಡು ಬರಲಿ. ಕೂಸನ್ನು ಎತ್ತಿಕೊಳ್ಳುವಾಗ ಅದರ ಕಾಲು ಚೀಲಕ್ಕೆ ತಾಗದಂತೆ ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡರಾಯಿತು.