ಅಮ್ಮನ ಹರಕೆ, ಮಗನ ಕರೆ

ನಮ್ಮ ಕಡೆಯ ಹಲವು ಕ್ರೈಸ್ತ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ಬೈಬಲಿನ ವಾಗ್ದಾನ ವಚನದ ಚೀಟಿಗಳನ್ನು ತಟ್ಟೆಯಲ್ಲಿ ತರುವ ರೂಢಿಯಿದೆ. ಕೈಗೆ ಸಿಕ್ಕ ಒಂದನ್ನು ಎತ್ತಿಕೊಂಡರೆ ಅದು ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಆ ಚೀಟಿಯನ್ನು ಸತ್ಯವೇದದೊಳಗಿಟ್ಟು ಧೈರ್ಯ ತಂದುಕೊಳ್ಳುವವರ ಬಗ್ಗೆ ನನಗೆ ತಕರಾರಿಲ್ಲ, ನಾನೂ ಎತ್ತಿಕೊಂಡವಳೇ. ಆದರೆ ಪ್ರತಿ ಜನವರಿಯಲ್ಲಿ ನನ್ನ ಕೊಠಡಿಗೆ ಬರುವವರಲ್ಲಿ ಒಬ್ಬರಾದರೂ ಅಂಥ ಚೀಟಿಯನ್ನು ಮೇಜಿನ ಮೇಲಿಟ್ಟು, ದೇವರು ತಮ್ಮನ್ನು ಯಾವ ಉದ್ದೇಶಕ್ಕಾಗಿ ಹುಟ್ಟಿಸಿದ್ದಾರೆಂದು ತಿಳಿಯದೆ ಬದುಕು ವ್ಯರ್ಥವಾಗುತ್ತಿದೆ ಎನ್ನುತ್ತಾರೆ. ಈ ಪ್ರಶ್ನೆಯ ಹಿಂದೆ ಬಹುಪಾಲು ಬೇರೊಂದು ಪ್ರಶ್ನೆ ಅಡಗಿರುತ್ತದೆ ಎಂಬುದನ್ನು ನನಗೆ ಸ್ಪಷ್ಟಪಡಿಸಿದ ಪ್ರಕರಣವೊಂದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಬಂದವರು ಮೂವತ್ತೊಂದು ವರ್ಷದ ಅವಿವಾಹಿತ ಯುವಕ. ಬಾಸೆಲ್ ಮಿಷನ್ ಪರಂಪರೆಯ ಸಭೆಯೊಂದರ ಸದಸ್ಯರು. ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ಆರು ವರ್ಷದಿಂದ ಟೆಕ್ನಿಷಿಯನ್. ತಂದೆ ತೀರಿಕೊಂಡಿದ್ದಾರೆ, ಮನೆಯಲ್ಲಿ ತಾಯಿ ಮಾತ್ರ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ ಎಂಬುದು ಅವರು ಮೊದಲು ಹೇಳಿಕೊಂಡ ತೊಂದರೆ. ಹುಟ್ಟಿದಾಗಲೇ ತಾಯಿ ತನ್ನನ್ನು ದೇವರ ಸೇವೆಗೆ ಒಪ್ಪಿಸಿದ್ದಾರೆ, ತಾನು ಮಾತ್ರ ಸಂಬಳದ ಕೆಲಸ ಹಿಡಿದು ಓಡಿಹೋಗಿದ್ದೇನೆ, ತಂದೆಯ ಸಾವು, ಮುರಿದುಬಿದ್ದ ಮದುವೆಯ ಮಾತುಕತೆ, ಅಮ್ಮನ ಮಂಡಿನೋವು ಎಲ್ಲವೂ ಅದರ ಫಲ ಎಂಬುದು ಎರಡನೆಯ ಭೇಟಿಯಲ್ಲಿ ಹೊರಬಿತ್ತು. "ನಾನು ಯೋನನ ಹಾಗೆ, ಮೇಡಂ. ನಾನು ಹತ್ತಿದ ಹಡಗಿಗೆಲ್ಲ ಬಿರುಗಾಳಿ," ಎಂದರು. ಕೆಲಸಕ್ಕೆ ರಾಜೀನಾಮೆ ಬರೆದು ಚೀಲದಲ್ಲಿ ಇಟ್ಟುಕೊಂಡೇ ಬಂದಿದ್ದರು.

ನಾನು ಆಪ್ತಸಲಹೆಗಾರ್ತಿ, ಸಭಾಪಾಲಕಿಯಲ್ಲ. ಯಾರ ಬದುಕಿನಲ್ಲಿ ದೇವರ ಚಿತ್ತವೇನೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ, ನನ್ನ ನಂಬಿಕೆಯನ್ನು ಬಂದವರ ಮೇಲೆ ಹೇರುವುದಂತೂ ಸಲ್ಲದು. ಹಾಗೆಂದು, ಒಬ್ಬರು ತಮ್ಮ ಸಂಕಟವನ್ನು ಸತ್ಯವೇದದ ಭಾಷೆಯಲ್ಲೇ ಹೇಳಿಕೊಂಡಾಗ ಅದನ್ನು ಪಕ್ಕಕ್ಕೆ ಸರಿಸಿ "ಇದೆಲ್ಲ ಒತ್ತಡದ ಲಕ್ಷಣ" ಎಂದು ಹೇಳಿ ಕಳುಹಿಸುವುದೂ ಒಂದು ಬಗೆಯ ಅಗೌರವವೇ. ಆದ್ದರಿಂದ ಯೋನನ ವಿಷಯವನ್ನೇ ಎತ್ತಿಕೊಂಡೆ. ಪ್ರವಾದಿ ಯೋನನಿಗೆ ದೇವರು ಹೋಗೆಂದ ಊರು ನಿನೆವೆ ಎಂದು ಗೊತ್ತಿತ್ತು, ಅಲ್ಲಿ ಹೇಳಬೇಕಾದ ಮಾತೂ ಗೊತ್ತಿತ್ತು. ಕರೆ ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದರಿಂದಲೇ ಅವನು ಎದುರು ದಿಕ್ಕಿನ ಹಡಗು ಹತ್ತಿದ. "ನಿಮ್ಮ ನಿನೆವೆ ಯಾವುದು? ಅಲ್ಲಿಗೆ ಹೋಗೆಂದು ನಿಮಗೆ ಕೇಳಿಸಿದ್ದು ಯಾವಾಗ?" ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, "ನನಗೆ ಕೇಳಿಸಿದ್ದಲ್ಲ, ಎಲ್ಲರೂ ಹೇಳುತ್ತಿದ್ದರು," ಎಂದರು.

ದೀಕ್ಷಾಸ್ನಾನದ ದಿನ ಅಂದಿನ ಅಯ್ಯನವರು, ಅಂದರೆ ಸಭಾಪಾಲಕರು, ಮಗುವನ್ನು ಎತ್ತಿ ಹಿಡಿದು, ಇವನು ಮುಂದೆ ಇದೇ ಪ್ರಸಂಗಪೀಠದಲ್ಲಿ ನಿಲ್ಲುವನೆಂದು ಇಡೀ ಸಭೆಯ ಮುಂದೆ ಹೇಳಿದ್ದರಂತೆ. ಸಂಡೇ ಸ್ಕೂಲಿನಲ್ಲಿ ಇವರ ಅಡ್ಡಹೆಸರು "ಸಣ್ಣ ಅಯ್ಯನವರು". ಪಿಯುಸಿ ಮುಗಿದಾಗ ದೇವಜ್ಞಾನ ಕಾಲೇಜಿಗೆ ಅರ್ಜಿ ಹಾಕದೆ ಪ್ಯಾರಾಮೆಡಿಕಲ್ ಕೋರ್ಸಿಗೆ ಸೇರಿದರು. ಅಂದಿನಿಂದ, ಯಾರೂ ಬೈಯದಿದ್ದರೂ, ಆರಾಧನೆ ಮುಗಿದು ಅಂಗಳಕ್ಕೆ ಬಂದಾಗ "ಇನ್ನು ಯಾವಾಗ?" ಎಂದು ಕೇಳುವ ಹಿರಿಯರೊಬ್ಬರಾದರೂ ಇರುತ್ತಿದ್ದರು.

ಮೂರನೆಯ ಭೇಟಿಯಲ್ಲಿ ಅವರ ಕೆಲಸದ ಬಗ್ಗೆ ವಿಚಾರಿಸಿದೆ. ಬೆಳಗಿನ ಪಾಳಿ ಆರು ಗಂಟೆಗೆ. ರೋಗಿಯ ತೂಕ ನೋಡಿ, ಹೋದ ಸಲಕ್ಕಿಂತ ಎಷ್ಟು ನೀರು ತುಂಬಿದೆ ಎಂದು ಲೆಕ್ಕ ಹಾಕಿ, ಫಿಸ್ಟುಲಾ (ಸೂಜಿ ಹಾಕಲೆಂದು ಶಸ್ತ್ರಚಿಕಿತ್ಸೆಯಿಂದ ಎರಡು ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ತೋಳಿನ ಮೇಲೆ ಬೆರಳಿಟ್ಟು ಅದರ ಮಿಡಿತವನ್ನು ಪರೀಕ್ಷಿಸಬೇಕು. "ಒಳಗೆ ಜೇನುನೊಣ ಗುಂಯ್‌ಗುಟ್ಟಿದ ಹಾಗೆ ಬೆರಳಿಗೆ ಗೊತ್ತಾಗಬೇಕು, ಮೇಡಂ, ಅದು ಸಿಗದಿದ್ದರೆ ಸೂಜಿ ಹಾಕದೆ ಡಾಕ್ಟರಿಗೆ ಹೇಳಬೇಕು." ಒಬ್ಬ ಅಜ್ಜ ಇವರು ಬರುವ ತನಕ ಬೇರೆಯವರಿಗೆ ತೋಳು ಕೊಡುವುದಿಲ್ಲವಂತೆ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕಾಗುತ್ತದೆ ಎಂಬುದು ನನಗೆ ತಿಳಿದದ್ದು ಅಂದೇ. ಇದನ್ನೆಲ್ಲ ಹೇಳುವಾಗ ಅವರ ಬೆನ್ನು ನೆಟ್ಟಗಾಗಿತ್ತು, ಮಾತಿಗೆ ತಡೆಯಿರಲಿಲ್ಲ.

"ನಿಮ್ಮ ಕರೆ ಇದೇ ಅಲ್ಲವೇ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾನು ಅದನ್ನು ಹೇಳಲಿಲ್ಲ. ಏಕೆಂದು ಆಮೇಲೆ ನನ್ನ ಸಹೋದ್ಯೋಗಿಯೊಬ್ಬರೇ ಕೇಳಿದರು. ಈ ಯುವಕನ ಬದುಕಿನಲ್ಲಿ ಆಗಲೇ ಒಬ್ಬರು ಎದ್ದುನಿಂತು ಇವನು ಇಂಥವನಾಗುವನೆಂದು ಸಾರಿದ್ದಾರೆ. ನಾನೂ ಅದೇ ಕೆಲಸ ಮಾಡಿದರೆ ಅದು ಎರಡನೆಯ ಘೋಷಣೆಯಾಗುತ್ತಿತ್ತು. ಪ್ರಸಂಗಪೀಠದ ಜಾಗದಲ್ಲಿ ಡಯಾಲಿಸಿಸ್ ಯಂತ್ರವನ್ನು ಇಟ್ಟಂತಾಗುತ್ತಿತ್ತು, ಅಷ್ಟೆ. ಅದರ ಬದಲು, ಮುಂದಿನ ಸಲ ತಾಯಿಯನ್ನು ಕರೆತರಲು ಒಪ್ಪುವಿರಾ ಎಂದು ಕೇಳಿದೆ. ಹರಕೆ ಹೊತ್ತವರನ್ನು ಅದರ ಬಗ್ಗೆ ಒಂದು ಸಲವೂ ನೇರವಾಗಿ ಕೇಳಿರಲಿಲ್ಲ ಎಂದು ಅವರಿಗೆ ಆಗ ಹೊಳೆಯಿತು.

ತಾಯಿ ಬಂದದ್ದು ಮಳೆ ಜೋರಾಗಿದ್ದ ದಿನ. ಕೊಡೆಯನ್ನು ಹೊರಗಿಡಲು ಒಪ್ಪದೆ ಮಡಚಿ, ತಾವೇ ತಂದಿದ್ದ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಕಾಲ ಬಳಿ ಇಟ್ಟುಕೊಂಡು ಕುಳಿತರು. ಮಗ ಏನೂ ಮಾತಾಡಲಿಲ್ಲ. ನಾನೇ, "ಅಮ್ಮಾ, ಇವರು ಹುಟ್ಟಿದಾಗ ನೀವೊಂದು ಹರಕೆ ಹೊತ್ತಿದ್ದಿರಂತೆ. ಆಗ ನಿಮ್ಮ ಬಾಯಲ್ಲಿ ಬಂದ ಮಾತು ಏನು, ನೆನಪಿದೆಯೇ?" ಎಂದೆ.

"ನೆನಪಿಲ್ಲದೆ ಏನು," ಎಂದರು. ಮೊದಲಿನ ಎರಡು ಬಸಿರು ನಿಂತಿರಲಿಲ್ಲ. ಇವನು ಹುಟ್ಟಿದ ಹನ್ನೊಂದನೆಯ ದಿನ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದ್ದರು. ಗಾಜಿನ ಆಚೆ ಮಗು, ಈಚೆ ಇವರು. ಅಲ್ಲಿ ಮೊಣಕಾಲೂರಲು ಜಾಗವಿರಲಿಲ್ಲ, ನಿಂತೇ ಪ್ರಾರ್ಥಿಸಿದ್ದಂತೆ. "ನಾನು ಹೇಳಿದ್ದು ಇಷ್ಟೇ: ಇವ ಬದುಕಿದರೆ ಇವ ನಿನ್ನವ, ನನ್ನವ ಅಲ್ಲ. ಅಷ್ಟೇ ಮೇಡಂ. ಅಯ್ಯನವರಾಗಬೇಕು ಅಂತ ನಾನೆಲ್ಲಿ ಹೇಳಿದ್ದು? ಅದು ಅವತ್ತಿನ ಅಯ್ಯನವರು ಸೇರಿಸಿದ್ದು. ಪಾಪ, ಅವರಿಗೂ ಸಂತೋಷ ಆಗಿತ್ತು."

ಇಂಥ ಮಾತು ಬಂದ ಮೇಲೆ ಭಾರ ಇಳಿಯುತ್ತದೆ, ಕಣ್ಣೀರು ಬರುತ್ತದೆ, ತಾಯಿ ಮಗ ಹಗುರಾಗಿ ಮನೆಗೆ ಹೋಗುತ್ತಾರೆ ಎಂದು ಓದುಗರಿಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಆದರೆ ಆ ಯುವಕನ ಮುಖ ಬಿಗಿಯಿತು. ಅಲ್ಲಿಯವರೆಗೆ ನನ್ನೆದುರು ಒಮ್ಮೆಯೂ ದನಿ ಎತ್ತದವರು, "ಹಾಗಾದರೆ ಇಷ್ಟು ವರ್ಷ ನಾನು ಯಾರಿಂದ ಓಡಿದ್ದು?" ಎಂದು ಹೆಚ್ಚುಕಡಿಮೆ ಕೂಗಿದರು.

ತಾಯಿ ಅವರನ್ನು ಅಚ್ಚರಿಯಿಂದ ನೋಡಿದರು. "ನೀನೆಲ್ಲಿ ಓಡಿದ್ದು? ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಆಸ್ಪತ್ರೆಗೆ ಹೋಗ್ತಿದ್ದಿ. ಬುತ್ತಿ ಕಟ್ಟಿ ಕೊಟ್ಟವಳು ನಾನೇ ಅಲ್ವಾ?"

ಮಗ ಉತ್ತರಿಸಲಿಲ್ಲ. ಆ ಕೋಪ ತಾಯಿಯ ಮೇಲಿನದಲ್ಲ, ಯಾರ ಮೇಲಿನದೂ ಅಲ್ಲ. ಹೊತ್ತುಕೊಂಡಿದ್ದ ಸಾಲವೊಂದು ಇರಲೇ ಇಲ್ಲ ಎಂದು ಗೊತ್ತಾದಾಗ, ಅದರ ಬಡ್ಡಿ ಕಟ್ಟುತ್ತ ಕಳೆದ ವರ್ಷಗಳಿಗಾಗಿ ಬರುವ ಕೋಪ ಅದು. ಆ ಭೇಟಿಯ ಉಳಿದ ಅರ್ಧ ಗಂಟೆಯನ್ನು ನಾನು ಅದಕ್ಕೇ ಬಿಟ್ಟುಕೊಟ್ಟೆ.

ನಾನು ಆರಂಭದಲ್ಲಿ ಹೇಳಿದ ಬೇರೊಂದು ಪ್ರಶ್ನೆ ಇದೇ. "ದೇವರು ನನ್ನಿಂದ ಏನನ್ನು ಬಯಸುತ್ತಾರೆ" ಎಂದು ಕೇಳುತ್ತ ಬರುವವರಲ್ಲಿ ಅನೇಕರು ನಿಜವಾಗಿ ಕೇಳುತ್ತಿರುವುದು "ನಾನು ಯಾರಿಗೆ ಎಷ್ಟು ಬಾಕಿ ಇದ್ದೇನೆ" ಎಂದು. ಇಂಥ ತಾಯಂದಿರು ನೆನೆಯುವುದು ಸತ್ಯವೇದದ ಹನ್ನಳನ್ನು, ಪ್ರವಾದಿ ಸಮುವೇಲನ ತಾಯಿಯನ್ನು. ಇವರ ತಾಯಿಯೂ ಅವಳನ್ನೇ ನೆನೆದಿದ್ದರು. ಹನ್ನಳು ಶೀಲೋವಿನಲ್ಲಿ ಹರಕೆ ಹೊತ್ತು, ಮೊಲೆ ಬಿಡಿಸಿದ ಮೇಲೆ ಸಮುವೇಲನನ್ನು ದೇವಾಲಯಕ್ಕೆ ಒಪ್ಪಿಸಿದಳು, ನಿಜ. ಆದರೆ ಕರೆ ಬಂದದ್ದು ಹನ್ನಳ ಕಿವಿಗಲ್ಲ. ಆ ರಾತ್ರಿ ಹುಡುಗನ ಹೆಸರು ಹಿಡಿದು ಕರೆದದ್ದು ಅವನಿಗೇ ಕೇಳಿಸಿತು. ಅವನು ದೇವರ ಧ್ವನಿಯನ್ನು ಅಲ್ಲಿನ ಯಾಜಕನಾದ ಏಲಿಯದೆಂದುಕೊಂಡು ಮೂರು ಸಲ ಎದ್ದು ಓಡಿದ. ನನ್ನ ಬಳಿಗೆ ಬರುವವರದು ಇದರ ತಿರುವುಮುರುವು: ಅವರು ಏಲಿಯ ಧ್ವನಿಯನ್ನು ದೇವರದೆಂದುಕೊಂಡು ಓಡುತ್ತಿರುತ್ತಾರೆ. ಏಲಿಯ ದೊಡ್ಡತನ ಇರುವುದು "ನಾನು ಕರೆಯಲಿಲ್ಲ, ಹೋಗಿ ಮಲಗು" ಎಂದು ಹೇಳಿದ್ದರಲ್ಲಿ. ಆ ಮಾತನ್ನು ಹೇಳಬಲ್ಲ ಹಿರಿಯರು ನಮ್ಮ ಸಭೆಗಳಲ್ಲಿ ಇನ್ನಷ್ಟು ಮಂದಿ ಬೇಕು.

ಹರಕೆಯ ಬಗ್ಗೆಯೂ ಸತ್ಯವೇದ ನಾವು ಅಂದುಕೊಂಡಷ್ಟು ನಿಷ್ಠುರವಾಗಿಲ್ಲ. ಯಾಜಕಕಾಂಡದ 27ನೆಯ ಅಧ್ಯಾಯದಲ್ಲಿ, ಮನುಷ್ಯರನ್ನೇ ಹರಕೆಯಾಗಿ ಒಪ್ಪಿಸಿದಾಗ ಅವರಿಗೆ ಬದಲಾಗಿ ಕೊಡಬೇಕಾದ ಬೆಳ್ಳಿಯ ಲೆಕ್ಕವಿದೆ. ಇಪ್ಪತ್ತರಿಂದ ಅರವತ್ತು ವರ್ಷದೊಳಗಿನ ಗಂಡಸಿಗೆ 50 ಶೆಕೆಲ್, ಐದು ವರ್ಷದೊಳಗಿನ ಗಂಡುಮಗುವಿಗೆ 5. ಅಷ್ಟನ್ನೂ ಕೊಡಲಾಗದ ಬಡವನಿಗೆ ಯಾಜಕನು ಅವನ ಶಕ್ತಿ ನೋಡಿ ನಿರ್ಣಯಿಸಬೇಕು. ಭಯದಲ್ಲಿ ಬಾಯಿಂದ ಬಂದ ಮಾತು ಒಂದು ಜೀವವನ್ನು ಕಟ್ಟಿಹಾಕದಂತೆ ಧರ್ಮಶಾಸ್ತ್ರವೇ ಬಾಗಿಲು ತೆರೆದಿಟ್ಟಿದೆ. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ 1505ರಲ್ಲಿ ಸಿಡಿಲಿನ ಹೊಡೆತಕ್ಕೆ ಹೆದರಿ ಸನ್ಯಾಸಿಯಾಗುವೆನೆಂದು ಹರಕೆ ಹೊತ್ತು ಮಠ ಸೇರಿದವರು. ಹದಿನಾರು ವರ್ಷದ ಬಳಿಕ ಮಠದ ಹರಕೆಗಳ ಬಗ್ಗೆ ಬರೆದ ಗ್ರಂಥವನ್ನು, ತಾವು ಮಠ ಸೇರುವುದನ್ನು ವಿರೋಧಿಸಿದ್ದ ತಂದೆಗೇ ಅರ್ಪಿಸಿದರು. ಕರೆ ಎಂಬರ್ಥದ ಜರ್ಮನ್ ಪದವನ್ನು ದಿನನಿತ್ಯದ ಕಸುಬಿಗೂ ಸಲ್ಲುವಂತೆ ಮಾಡಿದವರೂ ಅವರೇ. ಆ ಭಾಷೆಯ ಬಾಸೆಲ್ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದರು, 1865ರಲ್ಲಿ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮತಾಂತರದಿಂದ ಕುಲಕಸುಬು ಕಳೆದುಕೊಂಡವರಿಗೆ ಮಗ್ಗ ಮತ್ತು ಹೆಂಚು ಅನ್ನ ಕೊಟ್ಟವು. ಹಾಗೆ ಅನ್ನ ಕಂಡವರ ಮೊಮ್ಮಕ್ಕಳಾದ ನಾವು ಪ್ರಸಂಗಪೀಠವೊಂದೇ ಸೇವೆ ಎಂದುಕೊಳ್ಳುವುದು ನನಗೆ ಆಗಾಗ ವಿಚಿತ್ರವೆನಿಸುತ್ತದೆ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ರಾಜೀನಾಮೆಯನ್ನು ಒಂದು ವರ್ಷ ಕೊಡಬೇಡಿ, ದೇವಜ್ಞಾನ ಕಾಲೇಜಿಗೂ ಒಂದು ವರ್ಷ ಅರ್ಜಿ ಹಾಕಬೇಡಿ ಎಂದೆ. ನಿದ್ದೆಗೆ ಮತ್ತು ಎಲ್ಲ ಕೆಡುಕಿಗೂ ತಾನೇ ಕಾರಣ ಎಂಬ ಯೋಚನೆಗೆ ಮನೋವೈದ್ಯರನ್ನು ಕಾಣಲು ಕಳುಹಿಸಿದೆ. ಆ ಔಷಧವನ್ನು ನಂಬಿಕೆಯ ಕೊರತೆ ಎಂದು ಭಾವಿಸಬೇಡಿ, ನಿಮ್ಮ ರೋಗಿಗಳಿಗೆ ನೀವು ಹಾಗೆ ಹೇಳುವುದಿಲ್ಲವಲ್ಲ ಎಂದೂ ಸೇರಿಸಿದೆ. ಈಗಿನ ಸಭಾಪಾಲಕರ ಬಳಿ ಹೋಗಿ ಹರಕೆಯ ಕಥೆಯನ್ನು ತಾಯಿಯ ಮಾತಿನಲ್ಲೇ ಹೇಳಿಬನ್ನಿ ಎಂದೆ. ಆ ವರ್ಷ ಚಿಹ್ನೆಗಳನ್ನು ಹುಡುಕುವುದನ್ನು ನಿಲ್ಲಿಸಿ, ಚೀಟಿಯನ್ನೂ ಎತ್ತಬೇಡಿ ಎಂದೆ. ಅವರು ತಂದಿದ್ದ ಚೀಟಿಯಲ್ಲಿದ್ದದ್ದು ಯೆರೆಮೀಯ 29:11, ನಿಮ್ಮ ಬಗ್ಗೆ ನನಗಿರುವ ಆಲೋಚನೆ ಹಿತದ್ದೇ ಹೊರತು ಅಹಿತದ್ದಲ್ಲ ಎಂಬ ಪ್ರಸಿದ್ಧ ಮಾತು. ಅದರ ಹಿಂದಿನ ವಚನಗಳನ್ನು ಅವರಿಂದಲೇ ಓದಿಸಿದೆ. ಅದು ಬಾಬೆಲಿಗೆ ಸೆರೆಹೋದ ಇಡೀ ಜನಾಂಗಕ್ಕೆ ಬರೆದ ಪತ್ರ. ಎಪ್ಪತ್ತು ವರ್ಷ ಕಾಯಬೇಕು, ಅಲ್ಲಿಯವರೆಗೆ ಮನೆ ಕಟ್ಟಿರಿ, ತೋಟ ಮಾಡಿರಿ, ಮದುವೆಯಾಗಿರಿ, ನೀವಿರುವ ಪಟ್ಟಣಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತದೆ.

ಇದಾದ ಮೇಲೆ ಆ ಸಭೆಯ ಹಿರಿಯರೊಬ್ಬರು ಫೋನ್ ಮಾಡಿ, ದೇವರ ಸೇವೆಗೆ ಹೊರಟವನನ್ನು ನಾನು ತಡೆದೆನೆಂದು ಬೇಸರಿಸಿಕೊಂಡರು. ನಾನು ತಡೆದದ್ದು ಹೆದರಿ ಹೊರಡುವುದನ್ನು. ದೇವಜ್ಞಾನದ ಬಿ.ಡಿ. ಪದವಿಗೆ ನಾಲ್ಕೈದು ವರ್ಷ ಬೇಕು, ಆಮೇಲೆ ಇಡೀ ಆಯುಷ್ಯವೇ ಬೇಕು. ಅಮ್ಮನ ಮಂಡಿನೋವು ವಾಸಿಯಾಗಲೆಂದು ಅಭಿಷೇಕ ಪಡೆದವರು, ನೋವು ವಾಸಿಯಾಗದಿದ್ದರೆ ಸಭೆಯ ಜನರಿಗೆ ಯಾವ ಸಮಾಧಾನ ಹೇಳುತ್ತಾರೆ? ಒಂದು ವರ್ಷದ ನಂತರವೂ ಅವರಿಗೆ ಹೋಗಬೇಕೆನಿಸಿದರೆ, ಶಿಫಾರಸು ಪತ್ರ ಬೇಕಾದರೆ ನಾನೇ ಬರೆಯುತ್ತೇನೆ ಎಂದೆ. ಆ ಹಿರಿಯರಿಗೆ ಸಮಾಧಾನವಾಯಿತೆಂದು ನನಗನಿಸಲಿಲ್ಲ. ಒಂದು ವರ್ಷ ಹೆಚ್ಚಾಯಿತೇ, ಆರು ತಿಂಗಳು ಸಾಕಿತ್ತೇ ಎಂದು ನಾನೂ ಯೋಚಿಸಿದ್ದುಂಟು.

ವರ್ಷ ಇನ್ನೂ ಪೂರ್ತಿಯಾಗಿಲ್ಲ. ಹೋದ ಜನವರಿಯಲ್ಲಿ ಅವರು ಬಂದಾಗ ನಿದ್ದೆ ಪರವಾಗಿಲ್ಲ ಎಂದರು. 31ರ ರಾತ್ರಿ ತಟ್ಟೆ ತಮ್ಮ ಸಾಲಿಗೆ ಬಂದಾಗ ಕೈ ಚಾಚದೆ ಕುಳಿತಿದ್ದರಂತೆ. ಪಕ್ಕದಲ್ಲಿದ್ದ ಅಮ್ಮ ತಮ್ಮದರ ಜೊತೆಗೆ ಮಗನದೆಂದು ಇನ್ನೊಂದನ್ನೂ ಎತ್ತಿ, ಕನ್ನಡಕವಿಲ್ಲದ್ದರಿಂದ ಓದದೆ ಸತ್ಯವೇದದ ಕವರಿನೊಳಗೆ ಸಿಕ್ಕಿಸಿಕೊಂಡರಂತೆ. ಅದರಲ್ಲಿ ಏನಿದೆ ಎಂದು ನೋಡಿದಿರಾ ಎಂದು ಕೇಳಿದೆ. "ಅದು ಅಮ್ಮನ ಹತ್ತಿರ ಉಂಟು," ಎಂದು ಹೇಳಿ, ಮಧ್ಯಾಹ್ನದ ಪಾಳಿಗೆ ಹೊತ್ತಾಯಿತೆಂದು ಎದ್ದರು.