38ಕ್ಕೆ ಮೊದಲ ಮಗು, ರಿಪೋರ್ಟಲ್ಲಿ ‘ಹೈ ರಿಸ್ಕ್’ ಅಂತ ಬಂದಿದೆ, ಏನ್ ಮಾಡ್ಲಿ?

ಪ್ರಶ್ನೆ: ಡಾಕ್ಟರ್ ಮೇಡಂ, ನಂಗೆ 38 ವರ್ಷ, ಮೊದಲನೇ ಸಲ ಗರ್ಭಿಣಿ, ಈಗ 12 ವಾರ. ಸ್ಕ್ಯಾನ್ ನಾರ್ಮಲ್ ಅಂದ್ರು, ಆದ್ರೆ ಡಬಲ್ ಮಾರ್ಕರ್ ರಕ್ತಪರೀಕ್ಷೆ ರಿಪೋರ್ಟಲ್ಲಿ ಡೌನ್ ಸಿಂಡ್ರೋಮ್‌ಗೆ 1:180, ಹೈ ರಿಸ್ಕ್ ಅಂತ ಬರ್ದಿದೆ. ಮಗುಗೆ ತೊಂದ್ರೆ ಇದೆ ಅಂತಾನಾ? ಎನ್‌ಐಪಿಟಿ ಮಾಡ್ಸಿ ಅಂತಿದಾರೆ, ಹೊಟ್ಟೆಗೆ ಸೂಜಿ ಹಾಕೋದು ಅಂದ್ರೆ ತುಂಬಾ ಭಯ.

ಉತ್ತರ: ಇಲ್ಲಮ್ಮ, ತೊಂದ್ರೆ ಇದೆ ಅಂತ ಆ ರಿಪೋರ್ಟ್ ಹೇಳ್ತಾನೇ ಇಲ್ಲ. ನಿಮ್ಮಂಥ ರಿಪೋರ್ಟ್ ಬಂದಿರೋ 180 ಜನರಲ್ಲಿ ಒಬ್ಬರ ಮಗುಗೆ ಡೌನ್ ಸಿಂಡ್ರೋಮ್ ಇರಬಹುದು, ಉಳಿದ 179 ಮಕ್ಕಳಿಗೆ ಇರಲ್ಲ, ಅಷ್ಟೇ ಅದರ ಅರ್ಥ. ತುಂಬಾ ಲ್ಯಾಬ್‌ಗಳು ರಿಸ್ಕ್ 250ಕ್ಕೆ 1ಕ್ಕಿಂತ ಜಾಸ್ತಿ ಇದ್ರೆ ಹೈ ರಿಸ್ಕ್ ಅಂತ ಪ್ರಿಂಟ್ ಮಾಡ್ತವೆ, ಆ ಲೆಕ್ಕದಲ್ಲಿ ವಯಸ್ಸೂ ಸೇರಿರತ್ತೆ, 38ಕ್ಕೆ ಬರೀ ವಯಸ್ಸಿನ ಮೇಲೇ ಹೆಚ್ಚುಕಮ್ಮಿ ಇಷ್ಟು ಬಂದುಬಿಡತ್ತೆ (25ಕ್ಕೆ ಸುಮಾರು 1:1250, 40ಕ್ಕೆ 1:100 ಹತ್ರ).

ಎನ್‌ಐಪಿಟಿ (ಅಮ್ಮನ ರಕ್ತದಲ್ಲಿ ಸೇರಿರೋ ಮಗು ಕಡೆಯ ಡಿಎನ್‌ಎ ನೋಡೋ ಟೆಸ್ಟ್) ಧೈರ್ಯವಾಗಿ ಮಾಡ್ಸಿ. 10 ವಾರ ಆದ್ಮೇಲೆ ಯಾವಾಗ ಬೇಕಾದ್ರೂ ಆಗತ್ತೆ, ತೋಳಿಂದ ರಕ್ತ ತಗೋತಾರೆ ಅಷ್ಟೇ, ಮಗುಗೆ ಏನೂ ಆಗಲ್ಲ. ಡೌನ್ ಸಿಂಡ್ರೋಮ್ ಇದ್ರೆ 100ಕ್ಕೆ 99 ಸಲ ಹಿಡಿಯತ್ತೆ, ಟ್ರೈಸೋಮಿ 18, 13 ಅನ್ನೋ ಬೇರೆ ಎರಡು ಕ್ರೋಮೋಸೋಮ್ ತೊಂದ್ರೆಗಳಿಗೆ ಸ್ವಲ್ಪ ಕಮ್ಮಿ. ಲೋ ರಿಸ್ಕ್ ಬಂದ್ರೆ ಸೂಜಿ ವಿಚಾರ ಸಾಮಾನ್ಯವಾಗಿ ಅಲ್ಲಿಗೇ ಮುಗೀತು, 18-20 ವಾರದ ಅನಾಮಲಿ ಸ್ಕ್ಯಾನ್ ಮಾತ್ರ ತಪ್ಪಿಸ್ಬೇಡಿ, ಯಾಕಂದ್ರೆ ಹಾರ್ಟು, ಬೆನ್ನುಹುರಿ ತೊಂದ್ರೆ ಎನ್‌ಐಪಿಟಿಗೆ ಗೊತ್ತಾಗಲ್ಲ. ಕೆಲವೊಮ್ಮೆ ರಿಸಲ್ಟೇ ಬರಲ್ಲ, ಮಗು ಕಡೆ ಡಿಎನ್‌ಎ ಸಾಕಾಗಿಲ್ಲ ಅಂತಾರೆ, ತೂಕ ಜಾಸ್ತಿ ಇರೋರಿಗೆ ಇದು ಹೆಚ್ಚು, ಆಗ ಮುಂದೇನು ಅಂತ ಡಾಕ್ಟರ್ ಹತ್ರ ಕೇಳಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಎನ್‌ಐಪಿಟೀಲೂ ಹೈ ರಿಸ್ಕ್ ಬಂದ್ರೆ ಆ ಒಂದು ಕಾಗದ ನೋಡಿ ಗರ್ಭದ ಬಗ್ಗೆ ಯಾವ ನಿರ್ಧಾರಾನೂ ತಗೋಬೇಡಿ, ಮನೆಯವರು ಎಷ್ಟೇ ಅವಸರ ಮಾಡ್ಲಿ. ಅದರಲ್ಲಿ ನೋಡೋ ಡಿಎನ್‌ಎ ಚೂರುಗಳು ಬರೋದು ಪ್ಲಾಸೆಂಟಾದಿಂದ, ಅಂದ್ರೆ ಮಾಸಿನಿಂದ, ಅಪರೂಪಕ್ಕೆ ಮಾಸಲ್ಲಿ ಇರೋ ದೋಷ ಮಗೂಲಿ ಇರೋದೇ ಇಲ್ಲ. 15 ವಾರದ ನಂತರದ ಆಮ್ನಿಯೋಸೆಂಟಿಸಿಸ್ ಮಾಡಿದ್ರೆ ಖಚಿತ ಆಗತ್ತೆ. ಸ್ಕ್ಯಾನ್ ನೋಡ್ಕೊಂಡೇ ತೆಳು ಸೂಜಿಯಿಂದ ಮಗು ಸುತ್ತ ಇರೋ ನೀರು ಸ್ವಲ್ಪ ತೆಗೀತಾರೆ, ನಿಮಿಷಗಳ ಕೆಲಸ, ಅನುಭವ ಇರೋರು ಮಾಡಿದ್ರೆ ಅದರಿಂದ ಗರ್ಭಪಾತ ಆಗೋ ಸಾಧ್ಯತೆ 200ಕ್ಕೆ 1ಕ್ಕಿಂತಲೂ ಕಮ್ಮಿ.

ಇದ್ಯಾವ್ದೂ ಬೇಡ ಅನ್ನೋ ಹಕ್ಕೂ ನಿಮಗಿದೆ. ಎನ್‌ಐಪಿಟಿ ಬೇಕು ಅನ್ಸಿದ್ರೆ ಈ ವಾರವೇ ರಕ್ತ ಕೊಡಿ, ರಿಪೋರ್ಟ್ ಬರೋಕೆ ವಾರ-ಹತ್ತು ದಿನ ಹಿಡಿಯಬಹುದು.