ಮೂರು ಕೋಣೆ, ಮೂರು ಸಂಗೀತ: ಹಾಡು ನಿಲ್ಲಿಸಿದ ಹುಡುಗನ ಪ್ರಕರಣ

(ಕುಟುಂಬದ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಲಹೆಗೆಂದು ನಮ್ಮಲ್ಲಿಗೆ ಬಂದದ್ದು ಮೈಸೂರಿನಲ್ಲಿ ನೆಲೆಸಿರುವ ಒಂದು ಕುಟುಂಬ. ಅಪ್ಪ ಧಾರವಾಡದ ಕಡೆಯವರು, ಅಮ್ಮ ಹಳೇ ಮೈಸೂರಿನವರು. ಒಬ್ಬನೇ ಮಗ, 12 ವರ್ಷ, ಏಳನೇ ತರಗತಿ. ನಾಲ್ಕು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದವನು ಸಂಗೀತದ ಜೂನಿಯರ್ ಪರೀಕ್ಷೆ ಹತ್ತಿರ ಬಂದಾಗ ಪಾಠಕ್ಕೆ ಹೋಗುವುದಿಲ್ಲವೆಂದು ಹಟ ಹಿಡಿದ. ಊಟಕ್ಕೆ ಕೂತರೂ ಹೆಡ್‌ಫೋನ್ ತೆಗೆಯುವುದಿಲ್ಲ, ಕೇಳುವುದೆಲ್ಲ ರ‍್ಯಾಪ್, ಕರೆದರೆ ಓಗೊಡುವುದಿಲ್ಲ. ತಂದೆ ತಾಯಿಯ ದೂರು ಇಷ್ಟು. “ಕಂಠ ಇದೆ ಮೇಡಂ, ಆಸಕ್ತಿ ಇಲ್ಲ ಅಷ್ಟೆ” ಎಂದರು ಅಮ್ಮ. “ಅವ ಕೇಳೋದಕ್ಕ ಹಾಡಂತಾರೇನ್ರಿ?” ಎಂದರು ಅಪ್ಪ.

ಕರೆದರೆ ಓಗೊಡದ ಮಗುವಿನ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಕಿವಿ. ಊರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದರಿಂದ ಆಡಿಯೋಮೆಟ್ರಿ (ಶ್ರವಣಶಕ್ತಿ) ಪರೀಕ್ಷೆ ಸುಲಭವಾಗಿ ಆಯಿತು. ಶ್ರವಣದಲ್ಲಿ ದೋಷವಿರಲಿಲ್ಲ.

ಆಮೇಲೆ ಹುಡುಗನ ಕೈಗೆ ಬಿಳಿ ಹಾಳೆ ಕೊಟ್ಟು ಮನೆಯ ನಕ್ಷೆ ಬರೆಯಲು ಹೇಳಲಾಯಿತು. ಯಾವ ಜಾಗದಲ್ಲಿ ಯಾವ ಸದ್ದು, ಎಷ್ಟು ಹೊತ್ತಿಗೆ, ಹಾಕುವವರು ಯಾರು, ಆಗ ಜೊತೆಯಲ್ಲಿ ಇರುವವರು ಯಾರು ಎಂಬುದನ್ನು ಗುರುತು ಹಾಕಬೇಕು. ಮಾತಿನಲ್ಲಿ ಕೇಳಿದರೆ ಸಿಗದ ಸಂಗತಿ ಈ ಹಾಳೆಯಲ್ಲಿ ಸಿಗುತ್ತದೆ. ಹಾಲಿನಲ್ಲಿ ಬೆಳಿಗ್ಗೆ ಆರಕ್ಕೆ ಅಪ್ಪನ ದೊಡ್ಡ ಸ್ಪೀಕರು, ಹಿಂದೂಸ್ತಾನಿ ಗಾಯನ. ಅಡುಗೆಮನೆಯಲ್ಲಿ ಬೇಳೆ ಡಬ್ಬಿಗೆ ಒರಗಿಸಿದ ಅಮ್ಮನ ಮೊಬೈಲು, ಕೃತಿ, ದೇವರನಾಮ. ತನ್ನ ಕೋಣೆಯಲ್ಲಿ ಹೆಡ್‌ಫೋನು. “ಜೊತೆಯಲ್ಲಿ ಯಾರು?” ಎಂಬ ಕಡೆ ಮೂರು ಜಾಗದಲ್ಲೂ ಅಡ್ಡಗೆರೆ. ಕೇಳಿದ್ದಕ್ಕೆ ಅವನು ಹೇಳಿದ್ದು: “ಅಪ್ಪ ಹಾಕಿದ್ರೆ ಅಮ್ಮ ಅಡುಗೆಮನೆ ಬಾಗ್ಲು ಮುಚ್ಕೋತಾರೆ. ಅಮ್ಮ ನನ್ನ ಹಾಡಿಸಿದ್ರೆ ಅಪ್ಪ ವಾಕಿಂಗ್ ಹೋಗ್ತಾರೆ. ಹೆಡ್‌ಫೋನ್ ಹಾಕ್ಕೊಂಡ್ರೆ ಯಾರ ಕಡೆನೂ ಇಲ್ಲ.”

ಪ್ರಕರಣದ ಗಂಟು ಇಲ್ಲಿತ್ತು. ಈ ಮನೆಯಲ್ಲಿ ಹಾಡೆಂದರೆ ಪಕ್ಷ. ಅಪ್ಪನ ಪಾಲಿಗೆ ಅದು ತೀರಿಕೊಂಡ ತಂದೆ ಜೋಡಿಸಿಟ್ಟಿದ್ದ ಕ್ಯಾಸೆಟ್ಟುಗಳ ನೆನಪು. ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರನ್ನೂ ಗಂಗೂಬಾಯಿ ಹಾನಗಲ್ಲರನ್ನೂ ತಂದೆಯ ಪಕ್ಕ ಕೂತು ಕೇಳಿ ಬೆಳೆದವರು. ಅಮ್ಮ ಮದುವೆಗೆ ಮುಂಚೆ ವೀಣೆ ಕಲಿತು, ಆಮೇಲೆ ಬಿಟ್ಟವರು. ಬಿಟ್ಟದ್ದನ್ನು ಮಗ ಮುಂದುವರಿಸಲಿ ಎಂಬ ಆಸೆ ಪಾಠದ ಮೇಲೆ ಕೂತಿತ್ತು. ಎರಡೂ ಪ್ರೀತಿಯೇ. ಆದರೆ ಮಗುವಿಗೆ ಕಾಣುತ್ತಿದ್ದದ್ದು ಮುಚ್ಚುವ ಬಾಗಿಲು ಮಾತ್ರ.

ತಂದೆ ತಾಯಿಯ ಅಭಿರುಚಿ ಮಕ್ಕಳಿಗೆ ಇಳಿಯುವುದು ನಿಜ. 2013ರಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ಇಪ್ಪತ್ತರ ಆಸುಪಾಸಿನ ಅಮೆರಿಕದ ಯುವಜನರು ತಮ್ಮ ಕಾಲದ ಹಾಡುಗಳಲ್ಲದೆ ತಂದೆ ತಾಯಿಯ ಯೌವನದ ಹಾಡುಗಳನ್ನೂ ವಿಶೇಷವಾಗಿ ಗುರುತಿಸಿದರು, ಮೆಚ್ಚಿದರು. 2016ರ ಇನ್ನೊಂದು ಅಧ್ಯಯನ ಐದು ತಿಂಗಳ ಕೂಸುಗಳ ಮೇಲಿನದು. ಹೆತ್ತವರು ಮನೆಯಲ್ಲಿ ಹಾಡುತ್ತಿದ್ದ ಧಾಟಿಯನ್ನೇ ಅಪರಿಚಿತರು ಹಾಡಿದರೆ ಕೂಸುಗಳು ಅವರತ್ತಲೇ ಹೆಚ್ಚು ಹೊತ್ತು ನೋಡಿದವು. ಆಟಿಕೆಯಿಂದ ಕೇಳಿ ರೂಢಿಯಾದ ಧಾಟಿಗೆ ಹಾಗೆ ಆಗಲಿಲ್ಲ. ನಮ್ಮ ಅನುಭವವೂ ಇದನ್ನೇ ಹೇಳುತ್ತದೆ. ಮನೆಯಲ್ಲಿ ಎಷ್ಟು ಗಂಟೆ ಸಂಗೀತ ಮೊಳಗಿತು ಎನ್ನುವುದಕ್ಕಿಂತ ಅದನ್ನು ಕೇಳುವಾಗ ಯಾರು ಪಕ್ಕದಲ್ಲಿದ್ದರು ಎನ್ನುವುದು ಉಳಿಯುತ್ತದೆ.

ಇನ್ನೊಂದು ಕಾರಣ ಗಂಟಲಿನಲ್ಲೇ ಇತ್ತು. ಹುಡುಗ ಹಾಡುತ್ತಿದ್ದದ್ದು ಐದು ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ಬಿಳಿ ಐದು ಎಂಬ ಮನೆಯನ್ನು ‘ಸ’ ಮಾಡಿಕೊಂಡು. ಕೆಲವು ತಿಂಗಳಿಂದ ತಾರಸ್ಥಾಯಿ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ, ಹೋದರೆ ಧ್ವನಿ ಒಡೆಯುತ್ತಿತ್ತು. ಅಮ್ಮ ಅದನ್ನು ಸಾಧನೆ ಸಾಲದೆಂದು ತಿಳಿದು ಮೂರು ಕಾಲದ (ಮೂರು ವೇಗದ) ಅಲಂಕಾರಗಳನ್ನು, ಅಂದರೆ ಸ್ವರಾಭ್ಯಾಸಗಳನ್ನು, ಇನ್ನಷ್ಟು ಹಾಡಿಸುತ್ತಿದ್ದರು. ಈ ವಯಸ್ಸಿನಲ್ಲಿ ಗಂಡುಮಕ್ಕಳ ಧ್ವನಿತಂತು ಉದ್ದವಾಗಿ, ದಪ್ಪವಾಗಿ, ಮಾತಿನ ಸ್ಥಾಯಿಯೇ ಹೆಚ್ಚುಕಡಿಮೆ ಒಂದು ಸಪ್ತಕ (ಒಂದು ‘ಸ’ದಿಂದ ಮುಂದಿನ ‘ಸ’ದಷ್ಟು) ಕೆಳಗಿಳಿಯುತ್ತದೆ. ನೆಲೆಗೊಳ್ಳಲು ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೂ ಬೇಕು. ಜೊತೆಯ ಹುಡುಗಿಯರ ಮುಂದೆ ಕಂಠ ಕೀಚಲಾದರೆ ಹುಡುಗನಿಗೆ ಎಂಥ ಅವಮಾನ! ಅವನು ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ.

ಮೊದಲ ಸಲಹೆ ಪಾಠದ್ದು. ಪರೀಕ್ಷೆಯನ್ನು ಈ ವರ್ಷ ಕೈಬಿಡಬೇಕು, ಮೂರು ತಿಂಗಳು ಪಾಠಕ್ಕೆ ಬಿಡುವು ಕೊಡಬೇಕು. ಬಿಡುವಿನ ಕಾರಣ ಧ್ವನಿ ಎಂದು ಟೀಚರಿಗೆ ಅಪ್ಪ ಅಮ್ಮನೇ ಹೋಗಿ ಹೇಳಬೇಕು. ಮಗುವಿನ ಮೇಲೆ ಸೋಮಾರಿತನದ ಹೆಸರು ಬರಬಾರದು. ಹಾಡಬೇಕು ಅನಿಸಿದರೆ ಶ್ರುತಿಯನ್ನು ಎರಡು ಮೂರು ಮನೆ ಇಳಿಸಿ, ಮಧ್ಯಸ್ಥಾಯಿಯಲ್ಲೇ, ಮೆಲ್ಲಗೆ, ಹತ್ತು ನಿಮಿಷ ಮೀರದಂತೆ. ಧ್ವನಿ ಒಡೆದ ಕೂಡಲೇ ನಿಲ್ಲಿಸಬೇಕು. ಸಪ್ತತಾಳದ ಅಲಂಕಾರಗಳನ್ನು ಕೈಯಲ್ಲಿ ತಾಳ ಹಾಕಿ ಬಾಯಲ್ಲಿ ಮಾತಿನಂತೆ ಹೇಳಿದರೆ ಸಾಕು, ಹಾಡುವುದು ಬೇಡ.

ಎರಡನೆಯದು ಸದ್ದು. ಬೆಳಗಿನ ಸ್ಪೀಕರು ಹಾಲಿನಿಂದ ಆಚೆ ಕೇಳಬಾರದು. ಹೆಡ್‌ಫೋನಿಗೂ ಮಿತಿ ಬೇಕು: ಮಕ್ಕಳ ಮಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೇಲ್ಮಿತಿ 75 ಡೆಸಿಬೆಲ್, ವಾರಕ್ಕೆ 40 ಗಂಟೆ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ಮಿತಿ ಇಡಬಹುದು. ಒಂದು ತೋಳು ದೂರದಿಂದ ಮಾಮೂಲು ದನಿಯಲ್ಲಿ ಆಡಿದ ಮಾತು ಕೇಳಿಸದಿದ್ದರೆ ವಾಲ್ಯೂಮ್ ಜಾಸ್ತಿಯಾಗಿದೆ ಎಂದರ್ಥ. ಊಟದ ಹೊತ್ತಿನಲ್ಲಿ ಹೆಡ್‌ಫೋನ್ ಇಲ್ಲ. ಆದರೆ ಆಗ ಅಪ್ಪನ ಟಿವಿಯೂ ಇಲ್ಲ.

ಮೂರನೆಯದೇ ಮುಖ್ಯ. ಭಾನುವಾರ ರಾತ್ರಿ ಊಟವಾದ ಮೇಲೆ ಮೂವರೂ ಹಾಲಿನಲ್ಲಿ ಕೂತು ತಲಾ ಒಂದೊಂದು ಹಾಡು ಹಾಕಬೇಕು. ಒಂದು ಹಾಡು ಏಳು ನಿಮಿಷದೊಳಗೆ. ಕೇಳುವಾಗ ಮೊಬೈಲು ನೋಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ: “ಇದರಲ್ಲಿ ನಿನಗೆ ಯಾವ ಜಾಗ ಇಷ್ಟ?” ಉತ್ತರಕ್ಕೆ ಪ್ರತಿಮಾತಿಲ್ಲ.

ಎಡವಟ್ಟಾದದ್ದೂ ಇಲ್ಲೇ. ಮೊದಲ ವಾರ ಅಪ್ಪ ವಿಲಂಬಿತ ಖಯಾಲ್ (ನಿಧಾನಗತಿಯ ಹಿಂದೂಸ್ತಾನಿ ಗಾಯನ) ಹಾಕಿ, ರಾಗದ ಬಗ್ಗೆ ಪಾಠ ಶುರುಮಾಡಿದರು. ಹುಡುಗ ಆಕಳಿಸಿದ, ಅಪ್ಪ ಸಿಡುಕಿದರು. ವಿಲಂಬಿತದ ತಾಳಾವರ್ತ, ಅಂದರೆ ತಾಳದ ಒಂದು ಸುತ್ತು, ತುಂಬ ಉದ್ದ. ಸುತ್ತಿನ ಮೊದಲ ಪೆಟ್ಟಾದ ಸಮ್ ಯಾವಾಗ ಬಂತೆಂದೇ ಹೊಸ ಕಿವಿಗೆ ತಿಳಿಯುವುದಿಲ್ಲ. ದ್ರುತ್ ಬಂದಿಶ್ (ವೇಗದ ರಚನೆ) ಅಥವಾ ಹಿಂದೂಸ್ತಾನಿ ಧಾಟಿಯ ವಚನಗಾಯನದಿಂದ ಶುರುಮಾಡಿ, ವಿವರಣೆಯನ್ನು ಮಗು ಕೇಳಿದ ದಿನ ಹೇಳಿ ಎಂದು ತಿದ್ದಲಾಯಿತು. ಅಮ್ಮನ ತಕರಾರು ರ‍್ಯಾಪಿನ ಬೈಗುಳದ ಬಗ್ಗೆ. ಅದು ನ್ಯಾಯವಾದ ತಕರಾರೇ. ಅದಕ್ಕೆ ಬೇರೆ ದಿನ ಇಡಬೇಕು: ಸಾಹಿತ್ಯವನ್ನು ಮಗನೇ ಬರೆದು ತೋರಿಸಲಿ, ಯಾವ ಸಾಲು ಮನೆಯಲ್ಲಿ ಸಲ್ಲದು, ಯಾಕೆ ಸಲ್ಲದು ಎಂಬುದನ್ನು ಇಬ್ಬರೂ ಕೂತು ಮಾತಾಡಲಿ. “ಇದು ಸಂಗೀತವೇ ಅಲ್ಲ” ಎನ್ನುವ ಮಾತು ಮಾತ್ರ ಬೇಡ. ಬೈಗುಳಕ್ಕೆ ಆಕ್ಷೇಪವಿರಲಿ, ಮಗುವಿನ ಕಿವಿಗಲ್ಲ.

ನಾಲ್ಕನೆಯ ಸಲಹೆ ಅಮ್ಮನಿಗೆ: ವೀಣೆಯನ್ನು ಅಟ್ಟದಿಂದ ಇಳಿಸಿ. ಬಹಳ ವರ್ಷ ಸುಮ್ಮನಿದ್ದ ವೀಣೆಗೆ ಏಳು ತಂತಿಯೂ ಹೊಸದು ಬೇಕಾಗುತ್ತದೆ. ಸ್ವರದ ಮೆಟ್ಟಿಲುಗಳನ್ನು ಹಿಡಿದಿರುವ ಮೇಣ ಒಣಗಿ ಬಿರುಕು ಬಿಟ್ಟಿದ್ದರೆ 24 ಮೆಟ್ಟಿಲುಗಳನ್ನೂ ಮತ್ತೆ ಕೂರಿಸಬೇಕು, ಅದು ವೀಣೆ ಕೆಲಸ ಬಲ್ಲವರಿಂದಲೇ ಆಗಬೇಕು. ಶ್ರುತಿ ಮಾಡುವಾಗ ತಂತಿ ಬಿಗಿಸುವ ಬಿರಡೆ ತಿರುಗಿಸಲು ಮಗನನ್ನು ಕರೆಯಿರಿ, ಪಾಠ ಹೇಳಬೇಡಿ ಎಂದು ತಿಳಿಸಲಾಯಿತು. ಮಂದ್ರದ (ಕೆಳಸ್ಥಾಯಿಯ) ತಂತಿ ಶ್ರುತಿಗೆ ಬಂದ ಕ್ಷಣವನ್ನು ಹುಡುಗ ಅಮ್ಮನಿಗಿಂತ ಮೊದಲೇ ಹಿಡಿದ. ಕಿವಿ ಚೆನ್ನಾಗಿ ತಯಾರಾಗಿತ್ತು, ಹಾಡುವ ಮನಸ್ಸು ಮಾತ್ರ ಮುದುಡಿತ್ತು.

ಇಂಥ ಎಲ್ಲ ಪ್ರಕರಣಕ್ಕೂ ಇಷ್ಟೇ ಸಾಕಾಗುವುದಿಲ್ಲ. ಮಗು ಇಷ್ಟದ ಹಾಡನ್ನೂ ಬಿಟ್ಟು, ನಿದ್ದೆ, ಊಟ, ಗೆಳೆಯರು, ಓದು ಎಲ್ಲದರಿಂದ ಎರಡು ವಾರಕ್ಕೂ ಮೇಲೆ ಹಿಂದೆ ಸರಿದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬಿಡುವು ಮುಗಿದಾಗ ಹುಡುಗ ಗಾಯನಕ್ಕೆ ಮರಳಲಿಲ್ಲ, ತಬಲಾ ಕಲಿಯುತ್ತೇನೆಂದ. ತಬಲಾ ಹಿಂದೂಸ್ತಾನಿಯ ವಾದ್ಯ; ಅಪ್ಪ ಅಂದೇ ಒಂದು ಜೋಡಿ ಕೊಳ್ಳಲು ಹೊರಟಿದ್ದರು. ಅವರಿಗೆ ಹೇಳಿದ್ದು: ಮೂರು ತಿಂಗಳು ಕ್ಲಾಸಿನ ತಬಲಾದಲ್ಲೇ ಕಲಿಯಲಿ, ಮೊದಲ ವರ್ಷ ಪರೀಕ್ಷೆಯ ಮಾತು ಬೇಡ, ಬಂಧುಗಳ ಮುಂದೆ “ನಮ್ಮ ಕಡೆಗೆ ಬಂದ” ಎಂದು ಹೇಳಿಕೊಳ್ಳಬೇಡಿ. ಗಾಯನದ ವಿಚಾರವನ್ನು ಧ್ವನಿ ನೆಲೆಯಾಗುವವರೆಗೆ ಯಾರೂ ಎತ್ತದಿರಲು ಮೂವರೂ ಒಪ್ಪಿದ್ದಾರೆ.